ಮೀಟರಿನ ಮೇಲಿನ ಬಿಳಿ ನಂಬರು

ದಾವಣಗೆರೆಯ ಗುಜರಿ ಅಂಗಡಿಯೊಂದರಲ್ಲಿ ಮೊದಲ ಆವೋ ಮೀಟರನ್ನು ನಾವು ನೋಡಿದ್ದು ತಕ್ಕಡಿಯ ಮೇಲೆ. ಹೋಗಿದ್ದು ಬೇರೆ ಕೆಲಸಕ್ಕೆ. ಮುಚ್ಚಿದ ಹತ್ತಿ ಮಿಲ್ಲುಗಳ ಸಾಮಾನು ಎಲ್ಲೆಲ್ಲಿ ಹೋಯಿತು ಅಂತ ಒಂದು ವರದಿ ಮಾಡಬೇಕೆಂದು ಗುಜರಿ ಸಾಲಿನಲ್ಲಿ ಅಲೆಯುತ್ತಿದ್ದೆವು. ಅಂಗಡಿಯವರು ಹಳೇ ಫ್ಯಾನ್ ಮೋಟರು, ಸುಟ್ಟ ಚೋಕು, ಸ್ವಿಚ್ಚುಗಳ ಜೊತೆಗೆ ಒಂದು ಕರೀ ಬೇಕಲೈಟ್ ಪೆಟ್ಟಿಗೆಯನ್ನೂ ತೂಕಕ್ಕೆ ಇಟ್ಟಿದ್ದರು. ಮೇಲೆ ತೊಗಲಿನ ಪಟ್ಟಿ, ಅರ್ಧಚಂದ್ರದಂಥ ಗಾಜಿನ ಕಿಟಕಿ, ಒಳಗೆ ಮುಳ್ಳು, ಕೆಳಗೆ ಎರಡು ದೊಡ್ಡ ತಿರುಗುಣಿ. ಸುಮಾರು ಮೂರು ಕಿಲೋ ತೂಗಿತು. ಒಡೆದರೆ ಒಳಗೆ ಒಂದಿಷ್ಟು ತಾಮ್ರ, ಒಂದಿಷ್ಟು ಹಿತ್ತಾಳೆ ಸಿಗುತ್ತದೆ, ಬೇಕಲೈಟಿಗೆ ಮೂರು ಕಾಸೂ ಇಲ್ಲ ಅಂದರು. ಕಿಲೋ ಲೆಕ್ಕದಲ್ಲೇ ಕೊಂಡೆವು.

ಆ ತಕ್ಕಡಿಗೆ ಸರ್ಕಾರದ ಮುದ್ರೆ ಬಿದ್ದಿತ್ತು. ಮಾರುಕಟ್ಟೆಯ ಊರಿನಲ್ಲಿ ಅದು ಇರಲೇಬೇಕು. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು ಸೇರು, ಮಣ, ಕೊಳಗ ಹೋಗಿ ಕಿಲೋ, ಲೀಟರು ಬಂದ ಮೇಲೆ ಮೆಣಸಿನಕಾಯಿ, ಹತ್ತಿ, ಮೆಕ್ಕೆಜೋಳ ಯಾವುದೇ ಇರಲಿ, ಅಳತೆ ಸರಿ ಇದೆಯೇ ಎಂದು ನೋಡುವ ಇಲಾಖೆ ಒಂದಿದೆ, ಮುದ್ರೆ ಒಂದಿದೆ, ತಪ್ಪಿದರೆ ದಂಡವಿದೆ. ಇಂಥ ಮುದ್ರೆಯ ತಕ್ಕಡಿಯ ಮೇಲೆ, ತನ್ನ ಕಾಲದಲ್ಲಿ ಕರೆಂಟನ್ನೇ ತೂಗಿದ ಯಂತ್ರ ಗುಜರಿಯಾಗಿ ಕೂತಿತ್ತು. ಅದು ನಮಗೆ ಆಮೇಲೆ ಹೊಳೆದದ್ದು. ಆವತ್ತು ನಮಗೆ ಕಂಡದ್ದು ಚೆಂದದ ಒಂದು ಪೆಟ್ಟಿಗೆ ಮಾತ್ರ.

ಮನೆಗೆ ತಂದು ಮಾಡಿದ ಮೊದಲ ಕೆಲಸವೇ ತಪ್ಪು. ಸೋಪಿನ ನೀರು, ಬ್ರಷ್ಷು, ಆಮೇಲೆ ಥಿನ್ನರ್ ಹಾಕಿ ಉಜ್ಜಿದೆವು. ಪೆಟ್ಟಿಗೆ ಮಿರಮಿರ ಮಿಂಚಿತು. ಹಿಂಬದಿಯಲ್ಲಿ ಬಿಳಿ ಬಣ್ಣದ ಕಲೆಯೊಂದು ಬಹಳ ಹಟ ಮಾಡಿತು. ಅದನ್ನೂ ಬಿಡದೆ ಉಜ್ಜಿ ತೆಗೆದೆವು. ಫೋಟೋ ತೆಗೆದು ಹೆಮ್ಮೆಯಿಂದ ಹರಿಹರದ ಹಿರಿಯರೊಬ್ಬರ ಹತ್ತಿರ ಒಯ್ದೆವು. ಜೀವಮಾನವಿಡೀ ಮಿಲ್ಲು, ಕಾರ್ಖಾನೆಗಳ ಮೇಂಟೆನೆನ್ಸ್‌ನಲ್ಲಿ ದುಡಿದವರು ಅವರು. ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ತಿರುಗುಣಿ ತಿರುಗಿಸಿ ನೋಡಿದರು, ಬೆನ್ನು ತಿರುಗಿಸಿದರು.

"ಚೆಂದ ಮಾಡೀರಿ. ನಂಬರ್ ಎಲ್ಲೈತಿ?"

"ಯಾವ ನಂಬರ್ ಅಜ್ಜಾರೆ?"

"ಬಿಳೀ ಬಣ್ಣದಾಗ ಬರೆದಿರ್ತಾರಲ್ಲಪ್ಪಾ, ಸ್ಟೋರಿನವರು. ಅದನ್ನ ನೋಡಿದ್ರೆ ಯಾವ ಮಿಲ್ಲಿಂದು, ಯಾವ ಡಿಪಾರ್ಟ್‌ಮೆಂಟಿಂದು ಅಂತ ನಾ ಇಲ್ಲೇ ಕುಂತು ಹೇಳತಿದ್ದೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಈ ಲೇಖನ ಆ ನಂಬರಿನ ಬಗ್ಗೆಯೇ. ಆದರೆ ಅದಕ್ಕೆ ಮೊದಲು ಆ ಪೆಟ್ಟಿಗೆ ನಮ್ಮೂರಿಗೆ ಯಾಕೆ ಬಂತು ಅನ್ನುವುದನ್ನು ಹೇಳಬೇಕು.

ಆವೋ ಎಂದರೆ ಆಂಪಿಯರ್, ವೋಲ್ಟ್, ಓಮ್ ಈ ಮೂರರ ಮೊದಲ ಅಕ್ಷರ. ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಡೊನಾಲ್ಡ್ ಮೆಕಾಡಿ ಎಂಬಾತನಿಗೆ ಟೆಲಿಫೋನು, ಟೆಲಿಗ್ರಾಫು ರಿಪೇರಿಗೆ ಹೋಗುವಾಗ ಮೂರು ನಾಲ್ಕು ಬೇರೆ ಬೇರೆ ಮೀಟರು ಹೊತ್ತು ಸಾಕಾಗಿತ್ತು. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ. ಲಂಡನ್ನಿನ ಕಂಪನಿಯೊಂದು 1923ರಿಂದ ಅದನ್ನು ಮಾರತೊಡಗಿತು. ನಮ್ಮ ಕೈಗೆ ಸಿಕ್ಕಿದ್ದು ಅದರ ಎಂಟನೇ ಮಾಡೆಲ್. 1951ರಲ್ಲಿ ಬಂದ ಈ ಮಾಡೆಲ್ 2008ರವರೆಗೆ ತಯಾರಾಯಿತು. 57 ವರ್ಷ! ಈಗಿನ ಮೊಬೈಲ್ ಫೋನಿನ ಆಯಸ್ಸಿಗೆ ಹೋಲಿಸಿ ನೋಡಿ. ಬ್ರಿಟಿಷರ ಜೊತೆ ವ್ಯವಹಾರವಿದ್ದ ದೇಶಗಳಲ್ಲೆಲ್ಲ, ರೈಲ್ವೆ, ಟೆಲಿಗ್ರಾಫು, ಮಿಲ್ಲು, ಎಂಜಿನಿಯರಿಂಗ್ ಕಾಲೇಜು ಇದ್ದ ಕಡೆಯೆಲ್ಲ ಇದು ಹೋಯಿತು. ಎಷ್ಟರ ಮಟ್ಟಿಗೆ ಅಂದರೆ, ಹಳೇ ಎಲೆಕ್ಟ್ರಿಷಿಯನ್ನರು ಯಾವ ಕಂಪನಿಯ ಮಲ್ಟಿಮೀಟರನ್ನಾದರೂ 'ಆವೋಮೀಟರ್' ಅಂತಲೇ ಕರೆಯುತ್ತಾರೆ, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ದಾವಣಗೆರೆಯಲ್ಲಿ 1930ರ ದಶಕದಿಂದ ಹತ್ತಿ ಮಿಲ್ಲುಗಳು ಎದ್ದವು. ದಾವಣಗೆರೆ ಕಾಟನ್ ಮಿಲ್ಸ್‌ನ ಹೆಸರು ಡಿಸಿಎಂ ಟೌನ್‌ಶಿಪ್ ಅನ್ನುವ ಬಡಾವಣೆಯ ಹೆಸರಿನಲ್ಲಿ ಇವತ್ತಿಗೂ ಉಳಿದಿದೆ, ಆಟೋದವರಿಗೆ ಹೇಳಿದರೆ ಸಾಕು. ಒಂದರ ಹಿಂದೆ ಒಂದು ಮಿಲ್ಲು ಬಂದು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರಾಯಿತು. ಅಲ್ಲಿಂದ 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಂಡೆಗೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ತಯಾರಿಸುತ್ತಿದ್ದದ್ದು ಲೇತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅನ್ನುವ ಹೆಸರಿನ ಹರಿಹರದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಈಗಲೂ ತಿರುಗುತ್ತಿವೆ. ಕಾರ್ಖಾನೆಯ ಸುತ್ತಲಿನ ಜಾಗಕ್ಕೆ ಯಂತ್ರಪುರ ಅಂತಲೇ ಹೆಸರು ಬಿತ್ತು. ಹರಿಹರೇಶ್ವರನ ಊರಿಗೆ ಅಂಟಿಕೊಂಡು ಯಂತ್ರಪುರ!

ಮಿಲ್ಲಿನ ಚರಿತ್ರೆ ಬರೆಯುವವರು ನೂಲು, ಕೂಲಿ, ಯೂನಿಯನ್ನು, ಮುಷ್ಕರ ಬರೆಯುತ್ತಾರೆ. ಬರೆಯಲೇಬೇಕು. ಆದರೆ ಇವುಗಳ ನಡುವೆ ಕಂಡೂ ಕಾಣದಂತೆ ಓಡಾಡುತ್ತಿದ್ದ ಒಬ್ಬ ಮನುಷ್ಯನಿದ್ದ. ಖಾಕಿ ಅಂಗಿ, ಸೊಂಟಕ್ಕೆ ಕಟ್ಟಿಂಗ್ ಪ್ಲೇಯರು, ಕೈಯಲ್ಲಿ ಒಂದು ಪೆಟ್ಟಿಗೆ: ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್. ಆ ಪೆಟ್ಟಿಗೆ ಆವೋ ಆಗಿರಬಹುದು, ಅಥವಾ ಅದಕ್ಕಿಂತ ಹಳೆಯ ಮೆಗ್ಗರ್ ಆಗಿರಬಹುದು.

ಮೆಗ್ಗರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹತ್ತಿ ಮಿಲ್ಲಿಗೂ ಅದಕ್ಕೂ ಹತ್ತಿರದ ನಂಟು. ಹತ್ತಿಯನ್ನು ನೂಲುವಾಗ ಗಾಳಿ ಒಣಗಿದ್ದರೆ ಎಳೆ ಪಟಪಟ ಕಡಿಯುತ್ತದೆ. ಅದಕ್ಕೇ ನೂಲುವ, ನೇಯುವ ಖಾತೆಗಳಲ್ಲಿ ಬೇಕೆಂದೇ ಗಾಳಿಗೆ ತೇವ ಸೇರಿಸುತ್ತಾರೆ. ನೂಲಿಗೆ ಒಳ್ಳೆಯದಾದ ಈ ತೇವ ಮೋಟರಿಗೆ ಕೆಟ್ಟದ್ದು. ತೇವದ ಜೊತೆ ಹಾರಾಡುವ ಹತ್ತಿಯ ನವಿರು ಎಳೆ ಮೋಟರಿನ ಒಳಗೆ ಹೋಗಿ ಕೂರುತ್ತದೆ, ನೀರು ಹೀರುತ್ತದೆ. ಸುರುಳಿಯ ತಂತಿಯ ಮೇಲಿನ ಹೊದಿಕೆ ನಿಧಾನವಾಗಿ ಸೋಲುತ್ತದೆ, ಕರೆಂಟು ಮೋಟರಿನ ಮೈಗೆ ಸೋರುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಮುಟ್ಟಿದ ಕೆಲಸಗಾರನ ಕಥೆ ಮುಗಿಯಿತು. ಅದು ಸೋರುವ ಮೊದಲೇ ತಿಳಿಯಬೇಕು. ಸಾಮಾನ್ಯ ಮೀಟರಿನ ಒಂದೂವರೆ ವೋಲ್ಟಿನ ಸೆಲ್ಲಿಗೆ ಈ ಸೋರಿಕೆ ಕಾಣುವುದಿಲ್ಲ. ಕೆಲಸದ ವೋಲ್ಟೇಜಿಗೆ ಸಮನಾದ, ಇಲ್ಲವೇ ಅದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡಬೇಕು.

ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ ಇದಕ್ಕೊಂದು ಉಪಾಯ ಮಾಡಿದ್ದ. ಪೆಟ್ಟಿಗೆಯ ಒಳಗೊಂದು ಪುಟ್ಟ ಜನರೇಟರು, ಹೊರಗೆ ಹಿಡಿ. ಕೈಯಿಂದ ತಿರುವಿದರೆ 500 ವೋಲ್ಟ್ ಹುಟ್ಟುತ್ತದೆ. ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಕಂಪನಿ 1903ರಲ್ಲಿ ಮೆಗ್ಗರ್ ಎಂಬ ಹೆಸರನ್ನು ನೋಂದಣಿ ಮಾಡಿಸಿತು. ಮೆಗಾಓಮ್ ಅಳೆಯುವುದು ಮೆಗ್ಗರ್, ಅಷ್ಟೆ. ಹಳೇ ಕೈಗಳು ಹೇಳುವ ಒಂದು ಲೆಕ್ಕವಿದೆ: ಯಂತ್ರದ ಪ್ರತಿ ಕಿಲೋವೋಲ್ಟಿಗೆ ಒಂದು ಮೆಗಾಓಮ್, ಅದರ ಮೇಲೆ ಇನ್ನೊಂದು. ಮಿಲ್ಲಿನ 400 ಚಿಲ್ಲರೆ ವೋಲ್ಟಿನ ಮೋಟರಿಗೆ ಸುಮಾರು ಒಂದೂವರೆ ಮೆಗಾಓಮ್ ಇರಲೇಬೇಕು, ಅದಕ್ಕಿಂತ ಇಳಿದರೆ ಮೋಟರು ಇಳಿಸಿ ಒಣಗಿಸು. ಮಳೆಗಾಲದಲ್ಲಿ ಮೆಗ್ಗರ್ ತಿರುವಿ ತಿರುವಿ ರಟ್ಟೆ ನೋಯುತ್ತಿತ್ತು ಅಂತ ನಮ್ಮ ಹರಿಹರದ ಅಜ್ಜ ನಗುತ್ತಾರೆ.

ಗುಜರಿಗೆ ಹೋದ ಮೆಗ್ಗರುಗಳಲ್ಲಿ ಎಷ್ಟೋ ಕೆಟ್ಟೇ ಇರಲಿಲ್ಲ ಅನ್ನುವುದು ನಮ್ಮ ಅನುಮಾನ. ಕಾರಣ ಹೀಗಿದೆ. ಬೇರೆ ಮೀಟರುಗಳಲ್ಲಿ ಮುಳ್ಳನ್ನು ಸೊನ್ನೆಗೆ ಎಳೆಯುವ ಕೂದಲೆಳೆಯಂಥ ಸ್ಪ್ರಿಂಗ್ ಇರುತ್ತದೆ. ಈ ಹಳೇ ಮೆಗ್ಗರಿನಲ್ಲಿ ಅದು ಇಲ್ಲ. ಒಂದಕ್ಕೊಂದು ಎದುರಾಗಿ ಜಗ್ಗುವ ಎರಡು ಸುರುಳಿಗಳೇ ಮುಳ್ಳು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತವೆ. ಆದ್ದರಿಂದಲೇ ಹಿಡಿಯನ್ನು ಸ್ವಲ್ಪ ನಿಧಾನ ತಿರುವಿದರೂ ಜೋರಾಗಿ ತಿರುವಿದರೂ ಉತ್ತರ ಒಂದೇ ಬರುತ್ತದೆ. ಆದರೆ ಕೈ ಬಿಟ್ಟಾಗ ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ, ನಡುವೆ, ಮೂಲೆಯಲ್ಲಿ, ಎಲ್ಲೋ. ಗೊತ್ತಿಲ್ಲದವರಿಗೆ ಅದು ಕೆಟ್ಟ ಮೀಟರು. ಗುಜರಿಯಲ್ಲಿ ಅಂಥದೊಂದನ್ನು ಕೊಂಡು, ತಿಂಗಳುಗಟ್ಟಲೆ 'ರಿಪೇರಿ ಮಾಡಬೇಕು' ಅಂತ ಮೂಲೆಯಲ್ಲಿ ಇಟ್ಟಿದ್ದೆವು. ಅಜ್ಜ ಬಂದು ಹಿಡಿ ತಿರುವಿದರು. ಮುಳ್ಳು ನೆಟ್ಟಗೆ ಇನ್‌ಫಿನಿಟಿಗೆ ಹೋಗಿ ನಿಂತಿತು. ಎರಡೂ ವೈರು ಒಂದಕ್ಕೊಂದು ತಾಗಿಸಿ ಮತ್ತೆ ತಿರುವಿದರು, ಸೊನ್ನೆ. "ಏನಾಗಿತ್ತು ಇದಕ್ಕ?" ಅಂದರು. ಏನೂ ಆಗಿರಲಿಲ್ಲ.

ಕಾರ್ಖಾನೆಯ ಪ್ಯಾನಲ್ ಬೋರ್ಡುಗಳಲ್ಲಿದ್ದ ಇನ್ನೊಂದು ಸೋಜಿಗದ ಸಾಮಾನು ಕಂಪನದ ಫ್ರೀಕ್ವೆನ್ಸಿ ಮೀಟರು. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಉಕ್ಕಿನ ನಾಲಿಗೆಗಳು, ತುದಿಗೆ ಬಿಳಿ ಬಣ್ಣ. ಒಂದೊಂದೂ ಬೇರೆ ಬೇರೆ ಶ್ರುತಿಯಲ್ಲಿದೆ. ಕರೆಂಟು ಸರಿಯಾಗಿ 50 ಸೈಕಲ್ ಇದ್ದರೆ ನಡುವಿನ ನಾಲಿಗೆ ಗಡಗಡ ನಡುಗುತ್ತದೆ, ಉಳಿದವು ಸುಮ್ಮನಿರುತ್ತವೆ. ಲೋಡು ಹೆಚ್ಚಾಗಿ ಕರೆಂಟು ಸೋತಂತೆ ನಡುಕ ಎಡಕ್ಕೆ, 49ಕ್ಕೆ, 48ಕ್ಕೆ ಸರಿಯುತ್ತದೆ. 1948ರಲ್ಲಿ ಜೋಗದಲ್ಲಿ, 1960ರ ದಶಕದ ಮಧ್ಯದಿಂದ ಶರಾವತಿಯಲ್ಲಿ ನಾವು ಮಳೆಯನ್ನೇ ಕರೆಂಟು ಮಾಡಿಕೊಂಡು ಬದುಕಿದ ರಾಜ್ಯ. ಮಳೆ ಕೈಕೊಟ್ಟ ವರ್ಷ ಆ ನಾಲಿಗೆಗಳೇ ಮೊದಲು ಹೇಳುತ್ತಿದ್ದವು. ಈ ಮೀಟರಿನಲ್ಲಿ ಕೆಡುವುದಕ್ಕೆ ಬಹಳ ಇಲ್ಲ, ಧೂಳು ಊದಿ ಮುಚ್ಚಿದರೆ ಆಯಿತು.

ಮಿಲ್ಲು, ಕಾರ್ಖಾನೆ ಒಂದು ಕಡೆ. ಊರೊಳಗೆ ರೇಡಿಯೋ ಅಂಗಡಿಗಳದ್ದು ಇನ್ನೊಂದು ಲೋಕ. 1950ರಲ್ಲಿ ಧಾರವಾಡ, 1965ರಲ್ಲಿ ಭದ್ರಾವತಿ ಆಕಾಶವಾಣಿ ಬಂದ ಮೇಲೆ ನಮ್ಮ ಕಡೆ ಮನೆಮನೆಗೆ ರೇಡಿಯೋ ಬಂತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿ ಕೇಳುವ ಕಾಲ. ಬೆಂಗಳೂರಿನ ಬಿಇಎಲ್ 1961ರಿಂದ ವಾಲ್ವ್ ತಯಾರಿಸತೊಡಗಿತ್ತು. ರೇಡಿಯೋ ರಿಪೇರಿಯಲ್ಲಿ ವಾಲ್ವ್ ಬದಲಿಸುವುದು ದೊಡ್ಡ ವಿದ್ಯೆಯಲ್ಲ. 455 ಕಿಲೋಹರ್ಟ್ಸ್‌ಗೆ ಒಳಗಿನ ಕಾಯಿಲ್ ಡಬ್ಬಿಗಳನ್ನು ಶ್ರುತಿ ಮಾಡುವುದು ವಿದ್ಯೆ. ಅದಕ್ಕೆ ಸಿಗ್ನಲ್ ಜನರೇಟರ್ ಬೇಕು. ಅದು ದುಬಾರಿ, ಎಲ್ಲ ಅಂಗಡಿಯಲ್ಲೂ ಇರುತ್ತಿರಲಿಲ್ಲ. ಇಲ್ಲದವರು ಸ್ಟೇಷನ್ನನ್ನೇ ಜನರೇಟರು ಮಾಡಿಕೊಳ್ಳುತ್ತಿದ್ದರು. ಭದ್ರಾವತಿ ಹತ್ತಿರದ್ದು, ಜೋರಾಗಿ ಬರುತ್ತದೆ. ಅದು ಡಯಲಿನ ಮೇಲೆ ಎಲ್ಲಿ ಬರಬೇಕೆಂದು ಗೊತ್ತಿದೆ. ಅಲ್ಲಿಗೆ ತಂದು ಕೂರಿಸಿ, ಕಿವಿಯಲ್ಲೇ ಜೋರು ನೋಡಿ, ಬಿದಿರು ಕಡ್ಡಿ ಚೂಪು ಮಾಡಿ ತಿರುಪು ತಿರುಗಿಸುತ್ತಿದ್ದರು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಅದೇ ಶ್ರುತಿ ಕೆಡಿಸುತ್ತದೆ, ಅದಕ್ಕೇ ಬಿದಿರು. ಭದ್ರಾವತಿಯ 675, ಧಾರವಾಡದ 765 ಕಿಲೋಹರ್ಟ್ಸ್ ಹಳೇ ಕೇಳುಗರಿಗೆ ಬಾಯಿಪಾಠ. ಒಂದೇ ಮೂರು ಅಂಕಿ ಅದಲು ಬದಲಾಗಿ ಕೂತಿವೆ ಅನ್ನುವುದನ್ನು ನಮಗೆ ತೋರಿಸಿದ್ದೂ ಒಬ್ಬ ರೇಡಿಯೋ ಮೆಕ್ಯಾನಿಕ್ಕೇ.

ವಿದೇಶಿ ವಿನಿಮಯದ ಬಿಕ್ಕಟ್ಟಿನಿಂದ 1950ರ ದಶಕದ ಕೊನೆಯ ಹೊತ್ತಿಗೆ ಆಮದು ಬಿಗಿಯಾಯಿತು. ಇಂಗ್ಲೆಂಡಿನ ಮೀಟರು ತರಿಸಲು ಲೈಸೆನ್ಸು ಬೇಕು. ಆಗ ದೇಶಿ ಮೀಟರುಗಳಿಗೆ ಕಾಲ ಬಂತು. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ನಾಸಿಕದ ಮೋಟ್ವಾನೆ. ಇದರ ಹಿಂದೊಂದು ಕಥೆಯಿದೆ. 1909ರಲ್ಲಿ ಸಿಂಧ್‌ನ ಸಕ್ಕರ್‌ನಲ್ಲಿ ಜ್ಞಾನಚಂದ್ ಮೋಟ್ವಾನೆ ಶುರುಮಾಡಿದ ವ್ಯಾಪಾರ ಕರಾಚಿಗೆ, ಮುಂಬೈಗೆ ಬಂದು ಶಿಕಾಗೋ ರೇಡಿಯೋ ಆಯಿತು. ಸ್ವಾತಂತ್ರ್ಯ ಹೋರಾಟದ ಸಭೆಗಳಲ್ಲಿ ಗಾಂಧಿ, ನೆಹರು ಮುಂದೆ ಇರುತ್ತಿದ್ದ 'ಶಿಕಾಗೋ ರೇಡಿಯೋ' ಎಂದು ಬರೆದ ಮೈಕು ಫೋಟೋಗಳಲ್ಲಿ ನೋಡಿರುತ್ತೀರಿ. ಅದೇ ಮನೆತನದ ಮೀಟರು ಇದು. ನಮ್ಮ ಹತ್ತಿರ ಇರುವ ಒಂದು ಮೋಟ್ವಾನೆಯ ಒಳಗೆ ಯಾರೋ ಸುಟ್ಟ ರೆಸಿಸ್ಟರಿನ ಜಾಗಕ್ಕೆ ಎರಡು ಬೇರೆ ರೆಸಿಸ್ಟರು ಹೆಣೆದು ಬೆಸುಗೆ ಹಾಕಿದ್ದಾರೆ. ಸರಿಯಾದ ಬೆಲೆಯದು ಸಿಗದಾಗ ಎರಡನ್ನು ಕೂಡಿಸಿ ಲೆಕ್ಕ ಸರಿ ಮಾಡಿದ್ದು. ಇದನ್ನು ತೆಗೆದು ಹೊಸದು ಹಾಕೋಣವೇ ಬೇಡವೇ ಅಂತ ನಮ್ಮಲ್ಲೇ ಎರಡು ಪಂಗಡವಾಯಿತು. ಬೇಡ ಅಂದವರು ಗೆದ್ದರು. ಅಳೆದು ನೋಡಿದರೆ ಸರಿಯಾಗಿಯೇ ತೋರಿಸುತ್ತಿದೆ, ತೆಗೆಯುವುದೇಕೆ?

ರಿಪೇರಿಯ ವಿಚಾರಕ್ಕೆ ಬಂದೆವು, ಹೇಳಿಬಿಡುತ್ತೇವೆ. ಆವೋ ಮೀಟರಿನ ದೊಡ್ಡ ಶತ್ರು ಒಳಗೇ ಮರೆತ ಸೆಲ್ಲು. ಸೋರಿ ಹಸಿರು ಕಿಲುಬು ಕಟ್ಟಿರುತ್ತದೆ. ವಿನೆಗರ್ ಅದ್ದಿದ ಹತ್ತಿಯಲ್ಲಿ ನಿಧಾನ ಒರೆಸಿ, ನೀರಲ್ಲಿ ಒರೆಸಿ, ಸ್ಪಿರಿಟ್‌ನಲ್ಲಿ ಒರೆಸಬೇಕು. ಸ್ವಿಚ್ಚಿನ ಕಾಂಟ್ಯಾಕ್ಟುಗಳಿಗೆ ಮರಳು ಕಾಗದ ಮುಟ್ಟಿಸಬಾರದು, ಪೆನ್ಸಿಲ್ ರಬ್ಬರ್ ಸಾಕು. ಎಂಟನೇ ಮಾಡೆಲಿಗೆ ಮಾಮೂಲಿ ಸೆಲ್ಲಿನ ಜೊತೆ ಒಂದು 15 ವೋಲ್ಟಿನ ಪುಟ್ಟ ಬ್ಯಾಟರಿಯೂ ಬೇಕು. ಅದು ನಮ್ಮೂರಿನ ಯಾವ ಅಂಗಡಿಯಲ್ಲೂ ಇಲ್ಲ. ಮೂರು ವೋಲ್ಟಿನ ನಾಣ್ಯದಂಥ ಲಿಥಿಯಂ ಸೆಲ್ಲು ಐದನ್ನು ಒಂದರ ಮೇಲೊಂದು ಪೇರಿಸಿ ಕಾಗದದ ಕೊಳವೆಯಲ್ಲಿ ಸುತ್ತಿದರೆ ಐದು ಮೂರಲೆ ಹದಿನೈದು, ಮುಗಿಯಿತು. ಸರಿ ಅಳೆಯುತ್ತದೆಯೇ ಎಂದು ನೋಡಲು ಎಡಿ584 ಎಂಬ ಐಸಿಯ ಪುಟ್ಟ ಬೋರ್ಡು ತರಿಸಿಕೊಂಡೆವು. ಅದು 2.5, 5, 7.5, 10 ವೋಲ್ಟನ್ನು ನಿಖರವಾಗಿ ಕೊಡುತ್ತದೆ. ಬಡವರ ಮುದ್ರೆ ತಕ್ಕಡಿ.

ಸಿಗ್ನಲ್ ಜನರೇಟರು, ಆಸಿಲೋಸ್ಕೋಪುಗಳಂಥ ಕರೆಂಟಿಗೆ ಹಾಕುವ ಹಳೇ ಸಾಮಾನನ್ನು ತಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ರೇಡಿಯೋ ಅಂಗಡಿಯವರ ಸೀರೀಸ್ ಬಲ್ಬ್ ಇದಕ್ಕೇ ಇರುವುದು. ಒಂದು 60 ವ್ಯಾಟಿನ ಹಳೇ ತಂತಿ ಬಲ್ಬನ್ನು ನಡುವೆ ಸೇರಿಸಿ ಕರೆಂಟು ಕೊಟ್ಟರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬ್ ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಆಸಿಲೋಸ್ಕೋಪಿನ ಗಾಜಿನ ಕೊಳವೆಗೆ ಸಾವಿರಗಟ್ಟಲೆ ವೋಲ್ಟ್ ಹೋಗುತ್ತದೆ, ಆಫ್ ಮಾಡಿದ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ತಿಳಿದವರು ಪಕ್ಕದಲ್ಲಿಲ್ಲದೆ ಅದರ ಮುಚ್ಚಳ ನಾವು ತೆಗೆಯುವುದಿಲ್ಲ.

ಡಿಜಿಟಲ್ ಮೀಟರು 300 ರೂಪಾಯಿಗೆ ಸಿಗುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಒಂದು ಉದಾಹರಣೆ. ಹಳೇ ರೇಡಿಯೋದ ಒಂದು ಬಿಂದುವಿನಲ್ಲಿ 90 ವೋಲ್ಟ್ ಇದೆ, ಆದರೆ ಒಂದು ಮೆಗಾಓಮಿನ ರೆಸಿಸ್ಟರಿನ ಹಿಂದೆ ಇದೆ ಅನ್ನಿ. ಆವೋ ಎಂಟು ಪ್ರತಿ ವೋಲ್ಟಿಗೆ 20,000 ಓಮಿನದು. 100 ವೋಲ್ಟಿನ ಅಳತೆಗೆ ಇಟ್ಟರೆ ಅದರದೇ ಪ್ರತಿರೋಧ ಎರಡು ಮೆಗಾಓಮ್. ಅದು ತೋರಿಸುವುದು 60 ವೋಲ್ಟ್. ಹತ್ತು ಮೆಗಾಓಮಿನ ಡಿಜಿಟಲ್ ಮೀಟರು ಸುಮಾರು 82 ತೋರಿಸುತ್ತದೆ. ಎರಡೂ ಸರಿ. ಆ ಕಾಲದ ಸರ್ವಿಸ್ ಪುಸ್ತಕದಲ್ಲಿ '60' ಅಂತ ಬರೆದಿದ್ದರೆ ಅದು ಆವೋದಂಥ ಮೀಟರಿನ 60. ಹುಡುಗರು ಡಿಜಿಟಲ್ ಹಿಡಿದು 82 ನೋಡಿ, ಇಲ್ಲದ ರೋಗ ಹುಡುಕುತ್ತಾ ಕೂರುತ್ತಾರೆ. ಹಳೇ ಪುಸ್ತಕ ಓದಲು ಹಳೇ ಕನ್ನಡಕವೇ ಬೇಕಾದ ಹಾಗೆ. ಹಾಗಂತ ಆವೋ ಹಿಡಿದು ಪಂಪ್‌ಸೆಟ್ಟಿನ ಬೋರ್ಡಿಗೋ ಟ್ರಾನ್ಸ್‌ಫಾರ್ಮರ್ ಹತ್ತಿರಕ್ಕೋ ಹೋಗಬೇಡಿ. ಅದರ ವೈರುಗಳ ರಬ್ಬರು ನಮ್ಮ ವಯಸ್ಸಿನ ಎರಡರಷ್ಟು ಹಳೆಯದು.

ಈಗ ನಂಬರಿಗೆ ಬರೋಣ.

ಮಿಲ್ಲಿನಲ್ಲಾಗಲಿ ಕಾಲೇಜಿನಲ್ಲಾಗಲಿ ಒಂದು ಸಾಮಾನು ಬಂದರೆ ಮೊದಲು ಅದು ಹೋಗುವುದು ಸ್ಟೋರಿಗೆ. ದಾಸ್ತಾನು ಪುಸ್ತಕದಲ್ಲಿ ಏರಬೇಕು: ಬಂದ ದಿನ, ಕೊಟ್ಟವರು, ಬಿಲ್ಲು, ಬೆಲೆ, ಯಾವ ವಿಭಾಗಕ್ಕೆ. ಆ ಪುಸ್ತಕದ ಕ್ರಮಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಸಾಮಾನಿನ ಮೇಲೆ ಬರೆಯುತ್ತಾರೆ. ಸಾಮಾನು ಸತ್ತರೂ ಪುಸ್ತಕದಿಂದ ಸುಮ್ಮನೆ ಇಳಿಸುವಂತಿಲ್ಲ. ಸಮಿತಿ ಕೂತು ಕಂಡೆಮ್ ಮಾಡಬೇಕು, ಹರಾಜಾಗಬೇಕು, ಆಮೇಲೆ ಕೆಂಪು ಶಾಯಿಯ ಗೆರೆ. ದಾವಣಗೆರೆಯಲ್ಲಿ ತವನಪ್ಪನವರ ಹೆಸರಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ, ಲಂಡನ್ನಿನಲ್ಲಿ ಆವೋ ಎಂಟು ಹೊರಬಂದ ವರ್ಷವೇ. ಅಂದಿನಿಂದ ಈ ಊರಿನ ಕಾಲೇಜುಗಳಿಗೆ, ಪಾಲಿಟೆಕ್ನಿಕ್ಕುಗಳಿಗೆ, ವಿಜ್ಞಾನ ವಿಭಾಗಗಳಿಗೆ ಬಂದ ಗ್ಯಾಲ್ವನೋಮೀಟರು, ಹಿತ್ತಾಳೆ ಬೆಣೆಗಳ ಪೋಸ್ಟ್ ಆಫೀಸ್ ಬಾಕ್ಸು, ಆಸಿಲೋಸ್ಕೋಪು ಎಲ್ಲದರ ಮೈಮೇಲೂ ಇಂಥದೊಂದು ಬಿಳಿ ಸಾಲು ಇರುತ್ತದೆ.

ಲಂಡನ್ನಿನ ಮೀಟರು ಲಂಡನ್ನಿನಲ್ಲೂ ಸಿಗುತ್ತದೆ, ಸಿಡ್ನಿಯಲ್ಲೂ ಸಿಗುತ್ತದೆ. ಅದರ ಸರ್ಕ್ಯೂಟು, ಕೈಪಿಡಿ, ಸೀರಿಯಲ್ ನಂಬರಿನ ಲೆಕ್ಕ ಎಲ್ಲವನ್ನೂ ಅಲ್ಲಿನ ಸಂಗ್ರಹಕಾರರು ಜೋಪಾನ ಮಾಡಿದ್ದಾರೆ. ಅವರು ಜೋಪಾನ ಮಾಡಲಾಗದ್ದು ಒಂದೇ, ದಾವಣಗೆರೆಯ ಸ್ಟೋರ್ ಕೀಪರ್ ಕುಂಚ ಅದ್ದಿ ಬರೆದ ಆ ಬಿಳಿ ಅಂಕಿ. 1980, 90ರ ದಶಕಗಳಲ್ಲಿ ಮಿಲ್ಲುಗಳು ಒಂದೊಂದಾಗಿ ನಿಂತವು. ಹರಿಹರದ ಲೇತಿನ ಕಾರ್ಖಾನೆ ಹೊಸ ಶತಮಾನದ ಹೊಸ್ತಿಲಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದ ಕಡೆ ದಾಸ್ತಾನು ಪುಸ್ತಕಗಳು ರದ್ದಿಗೆ, ಮೀಟರುಗಳು ಗುಜರಿಗೆ ಹೋಗುತ್ತವೆ. ಪುಸ್ತಕ ಹೋದ ಮೇಲೆ ಉಳಿಯುವುದು ಪೆಟ್ಟಿಗೆಯ ಮೇಲಿನ ಒಂದು ಸಾಲು. ನಾವು ಥಿನ್ನರ್ ಹಾಕಿ ಒರೆಸಿದ್ದು ಅದನ್ನು.

ಎರಡನೆಯ ಆವೋ ಸಿಕ್ಕಾಗ ಒಣ ಬಟ್ಟೆ ಬಿಟ್ಟು ಏನನ್ನೂ ಮುಟ್ಟಿಸಲಿಲ್ಲ. ಮೊದಲು ಆರೂ ಮುಖಗಳ ಫೋಟೋ, ಅಡ್ಡ ಬೆಳಕಿನಲ್ಲಿ ಒಮ್ಮೆ, ನೇರ ಬೆಳಕಿನಲ್ಲಿ ಒಮ್ಮೆ. ಬಣ್ಣ ಉದುರಿದ್ದರೂ ಕುಂಚದ ಗುರುತು ಅಡ್ಡ ಬೆಳಕಿನಲ್ಲಿ ಎದ್ದು ಕಾಣುತ್ತದೆ. 'ಆರ್.ಎಫ್.' ಎಂಬ ಇಂಗ್ಲಿಷ್ ಅಕ್ಷರಗಳು, ಒಂದು ಗೆರೆ, '7', ಇನ್ನೊಂದು ಗೆರೆ, '64' ಕಂಡಿತು. ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಎರಡು ತಾರೀಕು, ಎರಡು ಸಲ 'ಸೆಲ್ ಹಾಕಿದೆ'.

ಅಜ್ಜನ ಹತ್ತಿರ ಒಯ್ದೆವು. ಕನ್ನಡಕ ಮೇಲೆತ್ತಿ ನೋಡಿದರು.

"ಆರ್.ಎಫ್. ಅಂದ್ರ ರಿಂಗ್ ಫ್ರೇಮ್. ನೂಲೋ ಖಾತಿ. ಏಳನೇ ಮೀಟರು, ಅರವತ್ನಾಲ್ಕನೇ ಇಸ್ವಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏಳು ಅಂದ್ರ ಏಳು ಇದ್ವು ನೋಡ್ರಿ ಆ ಖಾತ್ಯಾಗ. ಮೀಟರೇ ಏಳಿದ್ರ ಮೋಟರ್ ಎಷ್ಟಿದ್ದಾವು, ಮಂದಿ ಎಷ್ಟಿದ್ದರು ಅಂತ ಲೆಕ್ಕ ಹಾಕ್ರಿ."

ಆಮೇಲೆ ಅವರು ಆ ಖಾತೆಯ ರಾತ್ರಿ ಪಾಳಿಯ ಬಗ್ಗೆ ಒಂದು ತಾಸು ಮಾತಾಡಿದರು. ಮೂರು ತಿಂಗಳಿಂದ ನಾವು ಪ್ರಶ್ನೆ ಕೇಳಿ ಕೇಳಿ ಹೊರಡಿಸಲಾಗದಿದ್ದದ್ದು. ಹತ್ತಿ ಹಾರಾಡುವಾಗ ಫ್ಯೂಸ್ ಹಾಕುವ ಭಯ, ಎಳೆ ಕಡಿದಾಗ ಕೂಗುವ ಹೆಣ್ಣುಮಕ್ಕಳ ದನಿ, ಕರೆಂಟು ಹೋದ ಕ್ಷಣದ ನಿಶ್ಶಬ್ದ. ರೆಕಾರ್ಡ್ ಮಾಡಿಕೊಂಡಿದ್ದೇವೆ, ಮುಂದಿನ ವಾರಗಳಲ್ಲಿ ಬರೆಯುತ್ತೇವೆ.

ಮೊದಲ ಆವೋವನ್ನು ಅವರು ಮತ್ತೆ ಕೇಳಲೂ ಇಲ್ಲ. ಅದು ಕೆಲಸ ಮಾಡುತ್ತದೆ, ಚೆನ್ನಾಗಿ ಅಳೆಯುತ್ತದೆ. ಎಲ್ಲಿಂದ ಬಂತೆಂದು ಕೇಳಿದರೆ ಗುಜರಿಯಿಂದ ಅಂತಷ್ಟೇ ಹೇಳಬಹುದು.

ಕಳೆದ ಬೇಸಿಗೆಯಲ್ಲಿ ಒಂದು ಸಂಸ್ಥೆಯ ಹರಾಜಿನ ಸುದ್ದಿ ಬಂತು, ಹೋದೆವು. ಹಳೇ ಲ್ಯಾಬಿನ ಸಾಮಾನು ಕೋಣೆಯ ಗೋಡೆಗೆ ಪೇರಿಸಿದ್ದರು. ಬಿಡಿಯಾಗಿ ಕೊಡುವುದಿಲ್ಲ, ಇಡೀ ಲಾಟ್ ಕೂಗಬೇಕು ಅಂದರು. ನಮ್ಮ ನಾಲ್ವರ ಜೇಬು ಸೇರಿಸಿದರೂ ಆಗುವ ಮಾತಲ್ಲ. ಕೂಗಿ ಹಿಡಿದ ಗುಜರಿ ಅಣ್ಣನನ್ನು ಕೇಳಿಕೊಂಡು ನಾಲ್ಕು ಪೆಟ್ಟಿಗೆ ಕೊಂಡೆವು, ತೂಕದ ಮೇಲೆ ಸ್ವಲ್ಪ ಹೆಚ್ಚು ಕೊಟ್ಟು. "ಉಳಿದಿದ್ದರ ನಂಬರ್ ಬರಕೊಳ್ತೀವಿ ಅಣ್ಣಾ" ಅಂದೆವು. ಅವರಿಗೆ ನಗು. "ಬರಕೊಳ್ರಿ, ನಂಬರಿಗೇನು ರೊಕ್ಕ" ಅಂದರು.

ಹಮಾಲಿಗಳು ಒಂದೊಂದೇ ಹೊತ್ತು ತಂದು ಲಾರಿಗೆ ಹಾಕುವಾಗ ಇಬ್ಬರು ಬಾಗಿಲಲ್ಲಿ ನಿಂತು ಕೂಗಿದೆವು, ಒಬ್ಬರು ಬರೆದುಕೊಂಡರು, ಒಬ್ಬರು ಫೋಟೋ ತೆಗೆದರು. ಹಮಾಲರಲ್ಲಿ ಒಬ್ಬ ಹುಡುಗ ಎರಡು ಮೂರು ಪೆಟ್ಟಿಗೆಯಾದ ಮೇಲೆ ತಾನೇ ನಿಂತು, ಬಿಳಿ ಬಣ್ಣದ ಬದಿಯನ್ನು ನಮ್ಮ ಕಡೆ ತಿರುಗಿಸಿ ಹಿಡಿಯತೊಡಗಿದ. ನೋಟ್‌ಬುಕ್ಕಿನಲ್ಲಿ 43 ನಂಬರುಗಳಿವೆ. ಎರಡು ಸರಿಯಾಗಿ ಓದಲಾಗಲಿಲ್ಲ, ಅವುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇವೆ.